ದಾರಂದದ ಮೇಲಿನ ಬಣ್ಣದ ಪದರಗಳು

ಶಾಲೆಯೊಂದರ ನೂರು ವರ್ಷದ ಚರಿತ್ರೆ ಎಂದಾಗ ಸ್ಥಾಪಕರ ಔದಾರ್ಯ, ಗುರುಪರಂಪರೆ, ಪರೀಕ್ಷೆಗಳ ಫಲಿತಾಂಶ, ಕಟ್ಟಡಗಳ ಉದ್ಘಾಟನೆ ಇವುಗಳನ್ನು ವಾಚಕರು ನಿರೀಕ್ಷಿಸುವುದು ಸಹಜ. ಆ ವಿಷಯಗಳನ್ನು ಈ ಸಂಚಿಕೆಯಲ್ಲಿ ನಮಗಿಂತ ಹಿರಿಯರು, ಅವನ್ನು ಕಣ್ಣಾರೆ ಕಂಡವರು, ಬರೆದಿದ್ದಾರೆ. ನಮ್ಮ ಪಾಲಿಗೆ ಬಂದದ್ದು ಅಷ್ಟೇನೂ ಘನವಲ್ಲದ ಒಂದು ವಿಷಯ: ನಮ್ಮ ಹಳೆಯ ಕಟ್ಟಡದ ಬಾಗಿಲು, ಕಿಟಕಿ, ದಾರಂದಗಳಿಗೆ ಕಾಲಕಾಲಕ್ಕೆ ಬಳಿದ ಬಣ್ಣ. ಶತಮಾನೋತ್ಸವದ ಸಿದ್ಧತೆಗಾಗಿ ಬಾಗಿಲುಗಳಿಗೆ ಹೊಸದಾಗಿ ಬಣ್ಣ ಕೊಡಬೇಕೆಂದು ನಿಶ್ಚಯವಾದಾಗ ಯಾವ ಬಣ್ಣ, ಎಂಥ ಬಣ್ಣ ಎಂಬ ಪ್ರಶ್ನೆ ಎದ್ದಿತು. ಅರ್ಧ ಗಂಟೆಯಲ್ಲಿ ಮುಗಿಯಬಹುದಾಗಿದ್ದ ಚರ್ಚೆ ನಾಲ್ಕು ಸಭೆಗಳಿಗೆ ಬೆಳೆಯಿತು. ಹಾಗೆ ಬೆಳೆದದ್ದಕ್ಕೆ ಕಾರಣವಿತ್ತು. ಅದನ್ನು ರಕ್ಷಕರೂ ಹಳೆ ವಿದ್ಯಾರ್ಥಿಗಳೂ ತಿಳಿದಿರಬೇಕೆಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇವೆ.

ಮೊದಲ ದಿನಗಳಲ್ಲಿ ನಮ್ಮ ಶಾಲೆಗೆ ಬಾಗಿಲೇ ಇರಲಿಲ್ಲ. ಮುಳಿಹುಲ್ಲಿನ ಮಾಡು, ಮಣ್ಣಿನ ಅರೆಗೋಡೆ, ದನಕರುಗಳು ಒಳನುಗ್ಗದಂತೆ ಬಿದಿರಿನ ಒಂದು ತಡಮೆ. ಇಷ್ಟೇ ಅಂದಿನ ಶಾಲೆ. ಕಾಸರಗೋಡು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಉದ್ದಕ್ಕೂ ಮುಳಿಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಹಂಚಿನ ಭಾರವನ್ನು ಮಣ್ಣಿನ ಅರೆಗೋಡೆ ತಾಳಲಾರದು. ಅದಕ್ಕೆ ಮುರಕಲ್ಲಿನ ಗೋಡೆ ಬೇಕು, ಗೋಡೆ ಎತ್ತರಿಸಿದ ಮೇಲೆ ಕಿಟಕಿ ಬೇಕು, ಕಿಟಕಿಯೊಡನೆ ಬಾಗಿಲೂ ಬೇಕು. ಹೀಗೆ ಊರವರ ತೋಟಗಳಿಂದ ಮರಗಳು ಶಾಲೆಗೆ ಬಂದವು. ಕದಗಳಿಗೆ ಹಲಸು, ದಾರಂದಗಳಿಗೆ ಬೋಗಿ, ಕಿಟಕಿಯ ಹಲಗೆಗಳಿಗೆ ಹೆಬ್ಬಲಸು. ಯಾರ ತೋಟದ ಹಲಸು ಯಾವ ಕೋಣೆಯ ಕದವಾಯಿತೆಂದು ಬೊಟ್ಟುಮಾಡಿ ತೋರಿಸಬಲ್ಲ ಅಜ್ಜಂದಿರು ನಾವು ಈ ಶಾಲೆಗೆ ಅಧ್ಯಾಪಿಕೆಯಾಗಿ ಬಂದ ಕಾಲದಲ್ಲಿ ಇನ್ನೂ ಇದ್ದರು.

ಆ ಕದಗಳಿಗೆ ಮೊದಲು ಹಚ್ಚಿದ್ದು ಬಣ್ಣವಲ್ಲ, ಗೇರೆಣ್ಣೆ. ಗೇರುಬೀಜದ ತಿರುಳು ತಿನ್ನುವ ಎಲ್ಲರಿಗೂ ಅದರ ಸಿಪ್ಪೆಯೊಳಗಿನ ಎಣ್ಣೆಯ ಪರಿಚಯವಿರಲಾರದು. ಆದರೆ ನಮ್ಮ ಊರಿನಲ್ಲಿ ಗುಡ್ಡೆಗೆ ಹೋಗಿ ಬೀಜ ಹೆಕ್ಕಿ, ಸುಟ್ಟು, ತುಟಿಯ ಅಂಚು ಸುಲಿಸಿಕೊಳ್ಳದೆ ಬಾಲ್ಯ ಕಳೆದವರು ವಿರಳ. ಚರ್ಮವನ್ನು ಬೊಬ್ಬೆಯೇಳಿಸುವ ಆ ಗುಣವೇ ಮರಕ್ಕೆ ರಕ್ಷಣೆ. ಸಿಪ್ಪೆಯ ಎಣ್ಣೆಯಲ್ಲಿರುವ ದ್ರವ್ಯಗಳು ಜಪಾನೀಯರು ಮರದ ಪಾತ್ರೆಗಳಿಗೆ ಹಚ್ಚುವ ಪ್ರಸಿದ್ಧ ಅರಗಿನ ರಸಕ್ಕೆ ರಸಾಯನಶಾಸ್ತ್ರದ ದೃಷ್ಟಿಯಿಂದ ಹತ್ತಿರದ ಬಂಧುಗಳು. ಗೆದ್ದಲೂ ಕುಟ್ಟೆಹುಳವೂ ಅದರ ಸಮೀಪ ಸುಳಿಯವು. ದೋಣಿಗಳಿಗೆ, ಮೀನುಬಲೆಗಳಿಗೆ ಹಚ್ಚುತ್ತಿದ್ದ ಈ ಎಣ್ಣೆಯನ್ನೇ ಕಾಯಿಸಿ, ಬಟ್ಟೆಯ ಉಂಡೆಯಿಂದ ಮರಕ್ಕೆ ಉಜ್ಜುತ್ತಿದ್ದರು. ಅದು ಮರದ ಮೇಲೆ ಪೊರೆಯಾಗಿ ನಿಲ್ಲುವುದಕ್ಕಿಂತ ಹೆಚ್ಚಾಗಿ ಮರದೊಳಗೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಕಪ್ಪಾಗಿ, ಮೈ ತಿಕ್ಕಿದಲ್ಲೆಲ್ಲ ಮಿನುಗತೊಡಗುತ್ತದೆ. ಹಳೆಯ ತರವಾಡು ಮನೆಗಳ ಚಾವಡಿಯ ಕಂಬಗಳಲ್ಲಿ ಆ ಮಿನುಗನ್ನು ಇಂದಿಗೂ ಕಾಣಬಹುದು. ಒಣಗುವ ತನಕ ಮಕ್ಕಳು ಮುಟ್ಟಬಾರದಾದ್ದರಿಂದ ಶಾಲೆಯಲ್ಲಿ ಗೇರೆಣ್ಣೆಯ ಕೆಲಸ ಬೇಸಗೆ ರಜೆಗೇ ಮೀಸಲು. ಗೇರಿನ ಫಸಲೂ ಅದೇ ಕಾಲಕ್ಕೆ ಕೈಗೆ ಬರುತ್ತಿತ್ತು. ಪೇಟೆಯಿಂದ ಒಂದು ಕಾಸಿನ ಸಾಮಾನು ತರದೆ ಬಾಗಿಲು ಕಾಪಾಡಿಕೊಂಡ ಆ ವ್ಯವಸ್ಥೆಯ ಬಗ್ಗೆ ನಮಗೆ ಇಂದಿಗೂ ಒಂದು ಬಗೆಯ ಗೌರವವಿದೆ.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಗೇರುಮರ ಈ ನೆಲದ್ದಲ್ಲ. ಬ್ರೆಜಿಲಿನಿಂದ ಪೋರ್ಚುಗೀಸರ ಹಡಗಿನಲ್ಲಿ 16ನೆಯ ಶತಮಾನದಲ್ಲಿ ಬಂದದ್ದು. ಕದವನ್ನು ದಾರಂದಕ್ಕೆ ಕೂಡಿಸುವ ಬಿಜಾಗ್ರಿ, ಬೀಗ ತೆರೆಯುವ ಚಾವಿ, ಈ ಮಾತುಗಳೂ ಅವರ ಭಾಷೆಯಿಂದಲೇ ಬಂದವು. ಕನ್ನಡ, ತುಳು, ಮಲೆಯಾಳ, ಕೊಂಕಣಿ, ಬ್ಯಾರಿ ಒಂದೇ ಅಂಗಳದಲ್ಲಿ ಆಡುವ ನಮ್ಮ ಊರಿನಲ್ಲಿ ಬಾಗಿಲಿನ ಬಗ್ಗೆ ಮಾತನಾಡಹೊರಟರೆ ಶುದ್ಧ ಭಾಷೆಯೊಂದನ್ನು ಹಿಡಿದು ಕೂರುವುದು ಕಷ್ಟ.

ಗೇರೆಣ್ಣೆಯ ಮೇಲೆ ಮೊದಲ ಬಾರಿಗೆ ಬಣ್ಣ ಬಿದ್ದದ್ದು ಎರಡನೆಯ ಮಹಾಯುದ್ಧದ ಮೊದಲು, ಶಾಲೆ ಹಯರ್ ಎಲಿಮೆಂಟರಿಯಾದ ಸಮಯದಲ್ಲಿ. ಅಂದಿನ ಎಣ್ಣೆಬಣ್ಣ ಇಂದಿನಂತೆ ಡಬ್ಬಿ ತೆರೆದು ಹಚ್ಚುವಂಥದ್ದಾಗಿರಲಿಲ್ಲ. ಹೌರಾದ ಶಾಲಿಮಾರ್ ಕಾರ್ಖಾನೆ 1902ರಲ್ಲೇ ಆರಂಭವಾಗಿದ್ದರೂ ಹಳ್ಳಿಯ ಕೆಲಸಗಳಿಗೆ ಬಣ್ಣದವರು ತಾವೇ ಬಣ್ಣ ಕಲಸುತ್ತಿದ್ದರು. ಕಾಯಿಸಿದ ಅಗಸೆ ಎಣ್ಣೆ, ಸಫೇದ, ಬೇಕಾದ ಬಣ್ಣದ ಪುಡಿ, ತೆಳುವಾಗಿಸಲು ಟರ್ಪೆಂಟೈನ್. ಬಿಜಾಪುರದ ಕಡೆಯವರು ಚಟ್ನಿಪುಡಿ ಮಾಡಿ ರೊಟ್ಟಿಯೊಡನೆ ತಿನ್ನುವ ಅಗಸೆಯೇ ಇದು. ಅದರ ಎಣ್ಣೆ ತೆಂಗಿನೆಣ್ಣೆಯಂತಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಕೆಲವು ದಿನಗಳಲ್ಲಿ ಗಟ್ಟಿ ಪೊರೆಯಾಗುತ್ತದೆ. ಬಣ್ಣ ಒಣಗುವುದು ಎಂದು ನಾವು ಹೇಳುವುದು ವಾಸ್ತವವಾಗಿ ನೀರಾರುವ ಕ್ರಿಯೆಯಲ್ಲ, ಎಣ್ಣೆಯು ಗಾಳಿಯೊಡನೆ ಕೂಡಿ ಬೇರೆಯೇ ವಸ್ತುವಾಗುವ ಕ್ರಿಯೆ. ಇನ್ನು ಸಫೇದ ಎಂದರೆ ಸೀಸದ ಬಿಳಿ. ಮರಕ್ಕೆ ಮೊದಲು ಕೊಡುತ್ತಿದ್ದ ನಸುಗೆಂಪಿನ ಅಸ್ತರಿಗೆ ಆ ಬಣ್ಣ ಬಂದದ್ದು ಸಿಂಧೂರದಿಂದ, ಅದೂ ಸೀಸವೇ. ಸೀಸ ಬೆರೆತ ಎಣ್ಣೆ ಬೇಗ ಗಟ್ಟಿಯಾಗುತ್ತದೆ, ಮಳೆಗೆ ಜಗ್ಗುವುದಿಲ್ಲ, ಬಹುಕಾಲ ಬಿರುಕು ಬಿಡುವುದಿಲ್ಲ. ಕುಶಲಕರ್ಮಿಗಳು ಅದನ್ನು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯವೆನಿಸುವುದು ಮತ್ತೊಂದು ಸಂಗತಿ. ಅದರ ವಿಷವು ಆ ಕಾಲಕ್ಕಾಗಲೇ ಲೋಕಕ್ಕೆ ತಿಳಿದಿತ್ತು. ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಕಣ್ಣಿನ ವೈದ್ಯರಾಗಿದ್ದ ಲಾಕ್‌ಹಾರ್ಟ್ ಗಿಬ್ಸನ್ ಎಂಬವರು 1904ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಲ್ಲಿನ ಮಕ್ಕಳಲ್ಲಿ ಕಾಣುತ್ತಿದ್ದ ಸೀಸದ ವಿಷದ ಲಕ್ಷಣಗಳಿಗೆ ಮೂಲ ಮನೆಗಳ ಜಗಲಿಯ ಕಟಾಂಜನಗಳಿಗೂ ಕೋಣೆಯ ಗೋಡೆಗಳಿಗೂ ಬಳಿದ ಬಣ್ಣವೆಂದು ಅವರು ತೋರಿಸಿದರು. ಬಿಸಿಲಿಗೆ ಬಣ್ಣ ಪುಡಿಯಾಗುತ್ತದೆ. ಬೆವರಿದ ಬೆರಳಿಗೆ ಆ ಪುಡಿ ಅಂಟುತ್ತದೆ. ಉಗುರು ಕಚ್ಚುವ, ಬೆರಳು ಚೀಪುವ ಮಗುವಿನ ಹೊಟ್ಟೆಗೆ ಅದು ಸೇರುತ್ತದೆ. ಬಿಸಿಲು, ಬೆವರು, ಜಗಲಿ, ಉಗುರು ಕಚ್ಚುವ ಮಕ್ಕಳು, ಇವುಗಳಲ್ಲಿ ಯಾವುದು ನಮ್ಮಲ್ಲಿಲ್ಲ? ಕ್ವೀನ್ಸ್‌ಲ್ಯಾಂಡ್ ಪ್ರಾಂತವು 1922ರಲ್ಲಿ ಈ ಬಗ್ಗೆ ಕಾನೂನು ಮಾಡಿತು. ಅದಕ್ಕೂ ಒಂದು ವರ್ಷ ಮೊದಲು, 1921ರಲ್ಲಿ, ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನ ಕಟ್ಟಡಗಳ ಒಳಭಾಗಕ್ಕೆ ಸೀಸದ ಬಿಳಿಯನ್ನು ಬಳಸಬಾರದೆಂದು ಒಪ್ಪಂದವನ್ನು ಅಂಗೀಕರಿಸಿತ್ತು. ಬ್ರಿಟನ್ ಅದಕ್ಕೆ ಸಮ್ಮತಿ ಕೊಡಲಿಲ್ಲ. ನಾವೋ ಆಗ ಬ್ರಿಟನ್ನಿನ ಅಧೀನದಲ್ಲಿದ್ದವರು. ಸೀಸಕ್ಕೆ ಬದಲಾಗಿ ಬಂದ ಬಿಳಿ, ಟೈಟಾನಿಯಂ, ಇದೇ ಕೇರಳದ ದಕ್ಷಿಣ ತೀರದ ಕರಿಮರಳಿನಲ್ಲಿ ಹೇರಳವಾಗಿತ್ತು. ಚವರದ ಆ ಮರಳು ಹಡಗೇರಿ ವಿದೇಶಗಳಿಗೆ ಹೋಗುತ್ತಿತ್ತು. ಅದರಿಂದ ಬಿಳಿಯನ್ನು ತಯಾರಿಸುವ ಕಾರ್ಖಾನೆ ತಿರುವನಂತಪುರದಲ್ಲಿ ಸ್ಥಾಪನೆಯಾದದ್ದು 1946ರಲ್ಲಿ. ಅಷ್ಟರಲ್ಲಿ ನಮ್ಮ ದಾರಂದಗಳು ಸಫೇದವನ್ನು ಕುಡಿದು ಮುಗಿಸಿದ್ದವು.

ಈಗ ಆ ದಾರಂದಗಳ ಮೇಲೆ ಬರೆದಿದ್ದ ಅಕ್ಷರಗಳ ವಿಷಯ. ಪ್ರತಿ ಕೋಣೆಯ ಬಾಗಿಲಿನ ಮೇಲಿನ ಅಡ್ಡಪಟ್ಟಿಯಲ್ಲಿ ತರಗತಿಯ ಹೆಸರನ್ನು ಬರೆಯುವುದು ನಮ್ಮ ಶಾಲೆಯ ಪದ್ಧತಿ. ಹೊಸದಾಗಿ ಬಣ್ಣ ಬಳಿದಾಗಲೆಲ್ಲ ಹಳೆಯ ಬರಹ ಅಡಿಗೆ ಹೋಗಿ, ಅದರ ಮೇಲೆ ಹೊಸ ಬರಹ ಬರುತ್ತಿತ್ತು. ಕಳೆದ ವರ್ಷ ಮೇಸ್ತ್ರಿಯವರು ಪರೀಕ್ಷೆಗೆಂದು ಏಳನೆಯ ತರಗತಿಯ ಪಟ್ಟಿಯನ್ನು ಅಂಗೈಯಗಲದಷ್ಟು ಬಿಡಿಸಿದರು. ಮೇಲೆ ದಂತವರ್ಣದ ಎನಾಮಲ್, ಅದರಡಿ ಹಸಿರು, ಹಸಿರಿನಡಿ ಬೂದು, ಅದರಡಿ ನಸುಗೆಂಪು ಅಸ್ತರು, ಕೊನೆಗೆ ಗೇರೆಣ್ಣೆಯ ಕಪ್ಪು. ಹಸಿರಿನ ಮೇಲೆ ಹಳದಿ ಅಕ್ಷರದಲ್ಲಿ "ಏಳನೇ ತರಗತಿ" ಎಂದಿತ್ತು. ಬೂದಿನ ಮೇಲೆ ಬಿಳಿಯ ಕನ್ನಡ ಅಂಕಿಯಲ್ಲಿ "೮" ಎಂದಿತ್ತು.

ಈ ಎಂಟು ಏಳಾದದ್ದು ಹೇಗೆ? ಮದರಾಸು ಪ್ರಾಂತದಲ್ಲಿ ಹಯರ್ ಎಲಿಮೆಂಟರಿ ಶಾಲೆಗಳಿಗೆ ಎಂಟನೆಯ ತರಗತಿಯ ತನಕ ವ್ಯಾಪ್ತಿ. ಎಂಟನೆಯದರ ಕೊನೆಗೆ ಇ.ಎಸ್.ಎಲ್.ಸಿ. ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವರು ತರಬೇತಿ ಪಡೆದು ಮಾಸ್ತರರಾಗುತ್ತಿದ್ದರು. ನಮ್ಮ ತಾಲೂಕಿನ ಎಷ್ಟೋ ಶಾಲೆಗಳನ್ನು ಆ ಎಂಟನೆಯ ತರಗತಿಯವರೇ ನಡೆಸಿದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಮುಂದೆ ಕೇರಳದ ಶಿಕ್ಷಣ ಕ್ರಮವು ಜಾರಿಗೆ ಬಂದಾಗ ಯು.ಪಿ. ಶಾಲೆಗಳು ಏಳನೆಯ ತರಗತಿಗೆ ನಿಂತವು, ಎಂಟು ಹೈಸ್ಕೂಲಿನ ಪಾಲಾಯಿತು. ರಾಜ್ಯ ಪುನರ್ವಿಂಗಡಣೆಯ ಕುರಿತು ನಮ್ಮಲ್ಲಿ ಪುಸ್ತಕಗಳು, ನಿರ್ಣಯಗಳು, ಮೆರವಣಿಗೆಗಳ ನೆನಪುಗಳು ಬೇಕಾದಷ್ಟಿವೆ. 1967ರ ಮಹಾಜನ ವರದಿಯನ್ನು ಕಂಠಪಾಠವೆಂಬಂತೆ ಹೇಳಬಲ್ಲ ಹಿರಿಯರಿದ್ದಾರೆ. ಆದರೆ ಒಂದು ಕೋಣೆಯ ಮಕ್ಕಳು ಬೇರೆ ಊರಿನ ಹೈಸ್ಕೂಲಿಗೆ ನಡೆದುಹೋದದ್ದಕ್ಕೆ, ಹೊಳೆ ದಾಟಿ ಅಷ್ಟು ದೂರ ಕಳುಹಿಸಲೊಪ್ಪದ ಮನೆಗಳ ಹೆಣ್ಣುಮಕ್ಕಳು ಏಳನೆಯದಕ್ಕೇ ಓದು ನಿಲ್ಲಿಸಿದ್ದಕ್ಕೆ, ಬಣ್ಣದ ಅಡಿಯ ಆ ಅಂಕಿಯಷ್ಟು ನೇರವಾದ ಸಾಕ್ಷ್ಯವನ್ನು ನಾವು ಬೇರೆಡೆ ಕಂಡಿಲ್ಲ. ಹಾಜರಿ ಪುಸ್ತಕದಲ್ಲಿಯೂ ಅದು ಇದೆ, ನಿಜ. ಆದರೆ ಹಾಜರಿ ಪುಸ್ತಕವನ್ನು ಮಕ್ಕಳು ದಿನವೂ ತಲೆಯೆತ್ತಿ ನೋಡುವುದಿಲ್ಲ.

ಹಸಿರು ಪದರ ಕೇರಳದ ಕಾಲದ್ದು. ಅಷ್ಟರೊಳಗೆ ಸಿದ್ಧ ಎನಾಮಲ್ ಬಣ್ಣದ ಡಬ್ಬಿಗಳು ಕಾಸರಗೋಡು ಪೇಟೆಯ ಅಂಗಡಿಗಳಿಗೆ ಬಂದಿದ್ದವು. 1942ರಲ್ಲಿ ಮುಂಬಯಿಯಲ್ಲಿ ಆರಂಭವಾದ ಏಷಿಯನ್ ಪೇಂಟ್ಸಿನ ಜಾಹೀರಾತಿನಲ್ಲಿ ಬ್ರಷ್ ಹಿಡಿದು ನಿಂತ ತುಂಟ ಹುಡುಗ ಗಟ್ಟುವನ್ನು ಹಳೆ ವಿದ್ಯಾರ್ಥಿಗಳು ಮರೆತಿರಲಾರರು. 1954ರಲ್ಲಿ ಅವನನ್ನು ಬರೆದವರು ಮೈಸೂರಿನಲ್ಲಿ ಹುಟ್ಟಿದ ಆರ್.ಕೆ. ಲಕ್ಷ್ಮಣ್. ಮೈಸೂರಿಗೂ ಬಣ್ಣಕ್ಕೂ ಇನ್ನೊಂದು ನಂಟುಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಅಲ್ಲಿ ಸ್ಥಾಪನೆಯಾಯಿತು. 1962ರ ಮಹಾಚುನಾವಣೆಯಿಂದ ಇಂದಿನವರೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಯದ ಶಾಯಿ ಬರುವುದು ಆ ಕಾರ್ಖಾನೆಯಿಂದಲೇ. ನಮ್ಮ ಶಾಲೆ ಮತಗಟ್ಟೆಯೂ ಹೌದು. ಹಸಿರು ಕದಗಳ ಮೇಲೆ ಚುನಾವಣೆಯ ನೋಟೀಸುಗಳನ್ನು ಅಂಟಿಸಿದ ಮೈದಾ ಗೋಂದಿನ ಚೌಕಗಳು ಬಣ್ಣದಡಿ ಇನ್ನೂ ಉಬ್ಬಾಗಿ ಕಾಣುತ್ತವೆ. ಆ ಹಸಿರು, ಅದರ ಮೇಲಿನ ಹಳದಿ, ಇವು ಅಂದಿನ ಕಾಲಕ್ಕೆ ಬಹಳ ಚೆಂದದವು. ಹಳದಿಗೆ ಕಾರಣ ಸೀಸದ ಕ್ರೋಮೇಟು. ಅದೇ ಹಳದಿಗೆ ನೀಲಿ ಬೆರೆಸಿದರೆ ಹಸಿರು. ಬಿಳಿಯಿಂದ ಸೀಸ ಹೊರಟುಹೋದ ಮೇಲೂ ಹಳದಿ, ಕಿತ್ತಳೆ, ಹಸಿರುಗಳಲ್ಲಿ ಅದು ದಶಕಗಳ ಕಾಲ ಉಳಿದುಕೊಂಡಿತು. ಮಕ್ಕಳಿಗೆ ಇಷ್ಟವಾಗುತ್ತದೆಂದು ಶಾಲೆಗಳಿಗೆ ನಾವೆಲ್ಲ ಆರಿಸಿದ್ದು ಆ ಬಣ್ಣಗಳನ್ನೇ.

ಭಾರತದಲ್ಲಿ ಮನೆಬಳಕೆಯ ಬಣ್ಣಗಳ ಸೀಸವನ್ನು ಕಡ್ಡಾಯವಾಗಿ ಮಿತಿಗೊಳಿಸಿದ ನಿಯಮಗಳು ಹೊರಟದ್ದು 2016ರಲ್ಲಿ; ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಮಿತಿ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು. ನವೆಂಬರ್ 1 ನಮ್ಮವರಿಗೆ ಬೇರೆ ಕಾರಣಕ್ಕೆ ಮರೆಯಲಾಗದ ದಿನ. ಅದಕ್ಕೆ ಈ ಕಾರಣವೂ ಸೇರಲಿ. ನಿಯಮವು ಹೊಸ ಡಬ್ಬಿಗೆ ಅನ್ವಯಿಸುತ್ತದೆ. ಮೊದಲೇ ಬಳಿದಿರುವ ಬಣ್ಣ ಗೋಡೆಯಲ್ಲಿ, ಬಾಗಿಲಿನಲ್ಲಿ ಹಾಗೆಯೇ ಇರುತ್ತದೆ.

ಇದನ್ನು ನಮ್ಮ ಸಭೆಯ ಮುಂದಿಟ್ಟವರು ರಸಾಯನಶಾಸ್ತ್ರ ಬೋಧಿಸುತ್ತಿರುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು. ಅಲ್ಲಿಯವರೆಗೆ ಚರ್ಚೆ ಸುಗಮವಾಗಿ ಸಾಗಿತ್ತು. ಹಳೆ ಬಣ್ಣವನ್ನೆಲ್ಲ ಬೆಂಕಿಯ ಪಂಪಿನಿಂದ ಸುಟ್ಟು ಕೆರೆದು, ಹಲಸಿನ ಮರದ ಸಹಜ ಬಣ್ಣ ಕಾಣುವಂತೆ ಪಾಲಿಶ್ ಮಾಡಿಸಬೇಕೆಂದು ಊರ ಹೊರಗಿರುವ ಹಳೆ ವಿದ್ಯಾರ್ಥಿಗಳ ಅಪೇಕ್ಷೆಯಾಗಿತ್ತು. ಅದಕ್ಕೆ ಹಣ ಕೊಡಲೂ ಅವರು ಸಿದ್ಧರಿದ್ದರು. ಹಳೆಯ ಮರ ಕೊಳ್ಳುವ ವ್ಯಾಪಾರಿಯೊಬ್ಬರು ಕದಗಳಿಗೆ ಒಳ್ಳೆಯ ಬೆಲೆ ಕೊಡುವುದಾಗಿಯೂ ಅದೇ ಹಣದಲ್ಲಿ ಎಲ್ಲ ಕೋಣೆಗೂ ಉಕ್ಕಿನ ಬಾಗಿಲು ಹಾಕಿಸಬಹುದೆಂದೂ ಹೇಳಿ ಕಳುಹಿಸಿದ್ದರು. ರಕ್ಷಕ ಶಿಕ್ಷಕ ಸಂಘದ ಕೆಲವರಿಗೆ ಅದೂ ಸರಿಯೆನಿಸಿತ್ತು. ಪ್ರತಿ ವರ್ಷ ಶಾಲೆ ತೆರೆಯುವ ಮೊದಲು ಕಟ್ಟಡದ ಫಿಟ್ನೆಸ್ ಸರ್ಟಿಫಿಕೇಟಿಗಾಗಿ ಓಡಾಡುವವರ ಕಷ್ಟ ನಮಗೂ ಗೊತ್ತು. ಆದರೆ ಸೀಸವಿರುವ ಬಣ್ಣವನ್ನು ಸುಟ್ಟರೆ ಅದು ಹೊಗೆಯಾಗಿ ಕೆಲಸಗಾರರ ಶ್ವಾಸಕೋಶ ಸೇರುತ್ತದೆ. ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಿದರೆ ಕಣ್ಣಿಗೆ ಕಾಣದ ಹುಡಿಯಾಗಿ ನೆಲದ ಸಂದು, ಬೆಂಚಿನ ಸಂದುಗಳಲ್ಲಿ ಕೂತು ಮುಂದಿನ ವರ್ಷದ ಮಕ್ಕಳನ್ನು ಕಾಯುತ್ತದೆ. ಬಣ್ಣದ ಚಕ್ಕೆಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಮೇಲಿನ ದಂತವರ್ಣ ನಿಯಮದ ಮಿತಿಯೊಳಗಿತ್ತು. ಅಡಿಯ ಪದರಗಳು ಮಿತಿಯನ್ನು ಬಹಳ ಮೀರಿದ್ದವು.

ವರದಿ ಬಂದ ಮೇಲಿನ ಸಭೆ ಸುಲಭದ್ದಾಗಿರಲಿಲ್ಲ. ನಮ್ಮ ಮಗು ಮೂರು ವರ್ಷ ಆ ಕೋಣೆಯಲ್ಲಿ ಕುಳಿತಿದೆ, ಅದಕ್ಕೇನಾಗಿದೆ ಎಂದು ತಾಯಿಯೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಸೀಸವು ಮಕ್ಕಳ ಬೆಳೆಯುತ್ತಿರುವ ಮಿದುಳಿಗೆ, ನರಗಳಿಗೆ ಹಾನಿ ಮಾಡುತ್ತದೆ. ಆರು ವರ್ಷದೊಳಗಿನವರಿಗೆ ಅಪಾಯ ಹೆಚ್ಚು. ಇಷ್ಟು ಪ್ರಮಾಣದವರೆಗೆ ನಿರಪಾಯವೆಂಬ ಗೆರೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ಇವುಗಳನ್ನು ನಾವು ಮುಚ್ಚಿಡಲಿಲ್ಲ. ಅದರೊಡನೆ ಇದನ್ನೂ ಹೇಳಿದೆವು: ಗಟ್ಟಿಯಾಗಿ ಅಂಟಿಕೊಂಡು, ಮೇಲೆ ಬೇರೆ ಬಣ್ಣದಿಂದ ಮುಚ್ಚಿರುವ ಪದರ ತಾನಾಗಿ ಮೈಗೆ ಬರುವುದಿಲ್ಲ, ಅದು ಚಕ್ಕೆಯೆದ್ದಾಗ, ಉಜ್ಜಿ ಹುಡಿಯಾದಾಗ ಬಾಯಿಗೆ ಬರುತ್ತದೆ. ಸಂದೇಹವಿದ್ದವರು ವೈದ್ಯರ ಸಲಹೆಯಂತೆ ರಕ್ತಪರೀಕ್ಷೆ ಮಾಡಿಸಬಹುದು. ಅಂದಿನಿಂದ ಬುತ್ತಿ ಬಿಚ್ಚುವ ಮುನ್ನ ಸಾಬೂನಿನಿಂದ ಕೈತೊಳೆಯುವುದು, ನೆಲವನ್ನು ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸುವುದು ಶಾಲೆಯಲ್ಲಿ ನಿಯಮವಾಗಿದೆ. ಒಂದನೆಯ, ಎರಡನೆಯ ತರಗತಿಗಳನ್ನು ವರ್ಷದ ಉಳಿದ ಅವಧಿಗೆ ಹೊಸ ಕಟ್ಟಡಕ್ಕೆ ಸ್ಥಳಾಂತರಿಸಿದೆವು. ಆ ತಾಯಿ ಮಗುವನ್ನು ಬಿಡಿಸಿಕೊಂಡು ಹೋಗಲಿಲ್ಲ; ಮುಂದಿನ ಕೆಲಸದ ಮೇಲ್ವಿಚಾರಣೆಯ ಸಮಿತಿಗೆ ಬಂದರು. ಕನ್ನಡ ವಿಭಾಗಕ್ಕೆ ಮಕ್ಕಳನ್ನು ಮನೆಮನೆಗೆ ಹೋಗಿ ಕರೆದುತರಬೇಕಾದ ಈ ದಿನಗಳಲ್ಲಿ ಒಂದು ಮಗು ಉಳಿದದ್ದು ನಮಗೆ ಸಣ್ಣ ವಿಷಯವಲ್ಲ ಎಂಬುದನ್ನು ಇಲ್ಲಿನ ಅಧ್ಯಾಪಕರು ಬಲ್ಲರು.

ಕೊನೆಗೆ ಆದ ತೀರ್ಮಾನವೆಂದರೆ ಪೂರ್ತಿ ಕೆರೆಯುವುದೂ ಬೇಡ, ಹಾಗೆಯೇ ಮೇಲೆ ಬಳಿಯುವುದೂ ಬೇಡ. ಮರ ಮರಕ್ಕೆ ತಿಕ್ಕುವ ಜಾಗಗಳಲ್ಲಿ, ಅಂದರೆ ಕದದ ಅಂಚು, ದಾರಂದದ ಒಳಮೈ, ಕಿಟಕಿಯ ಹಲಗೆಗಳ ಸಂಧಿ, ಹೊಸ್ತಿಲು, ಮಕ್ಕಳು ಕೈಯೂರುವ ಕಿಟಕಿಯ ದಂಡೆ, ಇಲ್ಲಿ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಸವೆದು ಅಡಿಯದು ಮೇಲೆ ಬರುತ್ತದೆ. ಅಲ್ಲಿ ಮಾತ್ರ ಮರದ ತನಕ ತೆಗೆಯುವುದು. ಉಳಿದೆಡೆ ಚಕ್ಕೆಯೆದ್ದದ್ದನ್ನು ತೆಗೆದು ಮುಚ್ಚಿಬಿಡುವುದು. ಕೆಲಸ ಏಪ್ರಿಲಿನಲ್ಲಿ ಆರಂಭವಾಯಿತು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಮರ ಚೆನ್ನಾಗಿ ಒಣಗಿರುವ ಕಾಲ ಅದೊಂದೇ. ಬಾಗಿಲುಗಳನ್ನು ಬಿಜಾಗ್ರಿಯಿಂದ ಕಳಚಿ, ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸಿ ಒದ್ದೆಯಾಗಿಯೇ ಕೆರೆದರು. ಸರಿಯಾದ ಮಾಸ್ಕ್ ಧರಿಸಬೇಕು, ಕೆಲಸದ ಬಟ್ಟೆಯನ್ನು ಮನೆಗೆ ಒಯ್ಯಬಾರದು ಎಂಬ ಷರತ್ತಿಗೆ ಮೇಸ್ತ್ರಿಯವರು ಮೊದಲು ನಕ್ಕರು. ಅವರ ಮನೆಯಲ್ಲಿ ಮೂರು ವರ್ಷದ ಮೊಮ್ಮಗಳಿದ್ದಾಳೆಂದು ತಿಳಿದ ಮೇಲೆ ನಾವು ಎರಡನೆಯ ಬಾರಿ ಹೇಳಬೇಕಾಗಿ ಬರಲಿಲ್ಲ.

ಮೇಸ್ತ್ರಿಯವರ ಅನುಭವ ನಮಗೆ ಕಲಿಸಿದ್ದೂ ಇದೆ. ಗೇರೆಣ್ಣೆ ಕುಡಿದ ಮರದ ಮೇಲೆ ಎಣ್ಣೆಯ ಎನಾಮಲ್ ನೇರವಾಗಿ ಹಚ್ಚಿದರೆ ವಾರಗಟ್ಟಲೆ ಅಂಟಂಟಾಗಿಯೇ ಇರುತ್ತದೆ ಎಂದು ಅವರು ಎಚ್ಚರಿಸಿದರು. ಎಣ್ಣೆ ಗಾಳಿಯೊಡನೆ ಕೂಡುವುದನ್ನು ಗೇರೆಣ್ಣೆಯ ದ್ರವ್ಯಗಳು ತಡೆಯುವುದೇ ಅದಕ್ಕೆ ಕಾರಣ. ಆದುದರಿಂದ ಮರ ಕಂಡ ಜಾಗಗಳಿಗೆ ಮೊದಲು ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಕೊಟ್ಟು, ಒಣಗಿದ ಮೇಲೆ ಪ್ರೈಮರ್ ಕೊಟ್ಟೆವು. ಮೇಲಿನ ಬಣ್ಣಕ್ಕೆ ಎಣ್ಣೆಯದೋ ನೀರಿನದೋ ಎಂಬುದು ನಿಜವಾದ ಪ್ರಶ್ನೆಯಾಗಿತ್ತು. ಎಣ್ಣೆಯ ಎನಾಮಲ್ ಗಟ್ಟಿ. ಬ್ರಷ್ಷಿನ ಗೆರೆ ಉಳಿಯದಂತೆ ತಾನಾಗಿ ಸಮನಾಗುತ್ತದೆ. ಆದರೆ ವಾಸನೆ ತಿಂಗಳಾದರೂ ಹೋಗದು, ಮಾತ್ರವಲ್ಲ, ಬೆಳಕು ಕಡಿಮೆಯಿರುವ ಕೋಣೆಯಲ್ಲಿ ತಿಳಿಬಣ್ಣಗಳು ಹಳದಿಗೆ ತಿರುಗುತ್ತವೆ. ಆಟಿ ತಿಂಗಳಲ್ಲಿ ನಮ್ಮ ಕೋಣೆಗಳು ಎಷ್ಟು ಕತ್ತಲೆಯೆಂದು ಹೇಳಬೇಕಾಗಿಲ್ಲ. ನೀರಿನ ಎನಾಮಲ್ ಹಳದಿಯಾಗುವುದಿಲ್ಲ, ಬೇಗ ಒಣಗುತ್ತದೆ, ವಾಸನೆ ಕಡಿಮೆ. ಆದರೆ ಪೂರ್ತಿ ಬಲಿಯಲು ವಾರಗಳು ಬೇಕು. ಅದಕ್ಕೆ ಮೊದಲು ಬಾಗಿಲು ಮುಚ್ಚಿಟ್ಟರೆ, ಅದರಲ್ಲೂ ತೇವದ ಹವೆಯಲ್ಲಿ, ಕದವು ದಾರಂದಕ್ಕೆ ಅಂಟಿ ಬಣ್ಣ ಕಿತ್ತುಬರುತ್ತದೆ. ಜೂನ್ ಒಂದಕ್ಕೆ ಶಾಲೆ, ಅದರ ಬೆನ್ನಿಗೇ ಮಳೆ. ಮೇ ತಿಂಗಳ ಮೊದಲ ವಾರದೊಳಗೆ ಕೊನೆಯ ಕೈ ಮುಗಿದರೆ ಮಾತ್ರ ನೀರಿನದು ಎಂದು ನಿಶ್ಚಯಿಸಿದೆವು, ಅದರಂತೆ ಮುಗಿಯಿತು. ಮಳೆಗೆ ಮರ ಉಬ್ಬುವುದನ್ನು ಲೆಕ್ಕ ಹಾಕಿ ಮೇಸ್ತ್ರಿಯವರು ಕದದ ಅಂಚನ್ನು ಒಂದು ಕೂದಲೆಳೆಯಷ್ಟು ಹೆಚ್ಚಿಗೆ ಹೆರೆದಿದ್ದರು. ಮಳೆಗಾಲದುದ್ದಕ್ಕೂ ಒಂದು ಬಾಗಿಲೂ ಹಿಡಿಯಲಿಲ್ಲ.

ಹೊಳಪಿನ ವಿಷಯದಲ್ಲಿ ನಾವು ಹಟ ಹಿಡಿದೆವು. ಕನ್ನಡಿಯಂಥ ಹೊಳಪು ಉದ್ಘಾಟನೆಯ ದಿನಕ್ಕೆ ಚೆಂದ, ಆದರೆ ನೂರು ವರ್ಷದ ಮರದ ಒಂದೊಂದು ತಗ್ಗನ್ನೂ ಅದು ಎತ್ತಿ ತೋರಿಸುತ್ತದೆ. ಹೊಳಪೇ ಇಲ್ಲದ್ದು ಮಕ್ಕಳ ಕೈಯ ಮಣ್ಣನ್ನು ಹಿಡಿದುಕೊಳ್ಳುತ್ತದೆ. ನಡುವಿನ ಅರೆಹೊಳಪು ಒರೆಸಲು ಸುಲಭ. ಬಣ್ಣಕ್ಕೆ ಹಲವರು ಹಲವು ಹೆಸರು ಹೇಳಿದರು. ಗುಲಾಬಿಯೂ ಆಕಾಶನೀಲಿಯೂ ಸೂಚನೆಗೆ ಬಂದವು. ನಾವು ಕದಗಳಿಗೆ ಬೂದುಹಸಿರನ್ನೂ ದಾರಂದಗಳಿಗೆ ಗಾಢ ಕಂದನ್ನೂ ಆರಿಸಿದೆವು. ಗೋಡೆ ಕೆನೆಬಣ್ಣದ್ದಾದ್ದರಿಂದ ಗಾಢವಾದ ದಾರಂದವು ದೃಷ್ಟಿ ಮಂದವಿರುವ ಮಕ್ಕಳಿಗೂ ಬಾಗಿಲು ಎಲ್ಲಿದೆಯೆಂದು ದೂರದಿಂದಲೇ ತಿಳಿಸುತ್ತದೆ. ಅಂಥ ಇಬ್ಬರು ಮಕ್ಕಳು ಈಗ ನಮ್ಮಲ್ಲಿ ಓದುತ್ತಿದ್ದಾರೆ. ಕಾಲಿನಿಂದ ತಳ್ಳುವ ಅಭ್ಯಾಸ ನಿಲ್ಲುವಂತಿಲ್ಲವಾದ್ದರಿಂದ ಕದದ ಕೆಳಗಿನ ಒಂದಡಿಗೂ ಕಂದನ್ನೇ ಕೊಟ್ಟೆವು.

ಏಳನೆಯ ತರಗತಿಯ ಅಡ್ಡಪಟ್ಟಿ ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿದೆ. ಬಿಡಿಸಿದ್ದಷ್ಟನ್ನು ಹಾಗೆಯೇ ಉಳಿಸಿ, ಎರಡು ಕೈ ಪಾರದರ್ಶಕ ವಾರ್ನಿಶ್ ಕೊಟ್ಟು, ಅದರ ಮೇಲೆ ಗಾಜಿನ ತುಂಡೊಂದನ್ನು ಸ್ಕ್ರೂ ಹಾಕಿ ಕೂರಿಸಿದ್ದೇವೆ. ಒಳಗೆ ಐದು ಬಣ್ಣಗಳ ಮೆಟ್ಟಿಲುಗಳ ನಡುವೆ ಬಿಳಿಯ "೮" ಕಾಣುತ್ತದೆ. ಅದರ ಪಕ್ಕದಲ್ಲಿ ಹೊಸ ಬಣ್ಣದ ಮೇಲೆ "ಏಳನೇ ತರಗತಿ" ಎಂದು ಕನ್ನಡದಲ್ಲಿಯೂ, ಅದರ ಕೆಳಗೆ ಸಣ್ಣದಾಗಿ ಮಲೆಯಾಳದಲ್ಲಿಯೂ ಬರೆಸಿದೆ. ಕೆರೆದ ಚಕ್ಕೆಗಳನ್ನು ಬಿಗಿಮುಚ್ಚಳದ ಡಬ್ಬಿಗಳಲ್ಲಿ ತುಂಬಿ ಬೇರೆಯಾಗಿ ವಿಲೇವಾರಿ ಮಾಡಲಾಗಿದೆ. ಪ್ರಯೋಗಾಲಯದ ವರದಿ, ಬಳಸಿದ ಬಣ್ಣದ ಹೆಸರು ಮತ್ತು ಸಂಖ್ಯೆ, ಯಾವ ಕೋಣೆಯಲ್ಲಿ ಎಲ್ಲೆಲ್ಲಿ ಹಳೆಯ ಪದರ ಇನ್ನೂ ಅಡಿಯಲ್ಲಿದೆ ಎಂಬ ನಕ್ಷೆ, ಇವುಗಳನ್ನು ಕಚೇರಿಯ ಕಪಾಟಿನಲ್ಲಿ ಹಾಜರಿ ಪುಸ್ತಕಗಳ ಪಕ್ಕದಲ್ಲಿ ಇಟ್ಟಿದ್ದೇವೆ. ಮುಂದೆ ಈ ಬಾಗಿಲುಗಳಿಗೆ ಬಣ್ಣ ಬಳಿಸುವವರು ಮರಳುಕಾಗದ ಎತ್ತಿಕೊಳ್ಳುವ ಮೊದಲು ಆ ಕಡತವನ್ನು ಬಿಡಿಸಿ ನೋಡಬೇಕು.